ಎಸ್ಟಿಮೇಟ್ ಓದಿಸಿಕೊಳ್ಳುತ್ತಿದ್ದ ಫಿಟರ್ ಕಾಕಾ

ಫಿಟರ್ ಕಾಕಾನ ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ಕಪ್ಪು ಚುಕ್ಕೆ ಇರುತ್ತಿತ್ತು. ಅದು ಮಚ್ಚೆಯಲ್ಲ, ಎಂಜಿನ್ ಆಯಿಲ್. ಯಾವ ಗಾಡಿ ಬಂದರೂ ಮೊದಲು ಆಯಿಲ್ ನೋಡುವ ಕಡ್ಡಿ ಎಳೆದು, ಬೆರಳಿಗೆ ಒಂದು ಹನಿ ಹಚ್ಚಿಕೊಂಡು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಮೂಸುತ್ತಿದ್ದರು. ದಿನಕ್ಕೆ ಹತ್ತು ಗಾಡಿ ಬಂದರೆ ಹತ್ತು ಸಲ ಮೂಸಬೇಕಲ್ಲ, ಚುಕ್ಕೆ ಹೋಗುವುದಾದರೂ ಹೇಗೆ? ಮೂಗು ಹೀಗಿದ್ದರೆ ತಲೆಯ ಮೇಲೆ ಮಾತ್ರ ಇಸ್ತ್ರಿ ಮುರಿಯದ ಬೆಳ್ಳನೆಯ ಗಾಂಧಿ ಟೋಪಿ. ಗಾಡಿಯ ಕೆಳಗೆ ತೂರುವ ಮೊದಲು ಆ ಟೋಪಿ ತೆಗೆದು ಅದೇ ಗಾಡಿಯ ಪಕ್ಕದ ಕನ್ನಡಿಗೆ ತೊಡಿಸುತ್ತಿದ್ದರು. ಬೈಲಹೊಂಗಲದ ಮಾರ್ಕೆಟ್ ರಸ್ತೆಯಲ್ಲಿ ಹೋಗುವವರು ಕನ್ನಡಿಗೆ ಟೋಪಿ ಕಂಡರೆ ಕಾಕಾ ಕೆಳಗಿದ್ದಾರೆ ಎಂದು ತಿಳಿದು, ಕೂಗದೆ, ಎದುರಿನ ಅಂಗಡಿಗೆ ಚಹಾ ಹೇಳಿ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು.

ಅವರು ನನಗೆ ಸಂಬಂಧದಲ್ಲಿ ಕಾಕಾ ಅಲ್ಲ. ಊರಿಗೆಲ್ಲ ಕಾಕಾ, ಹಾಗಾಗಿ ನನಗೂ. ಅವರು ನನ್ನನ್ನು ಈ ಕಡೆ ಶಿಕ್ಷಕಿಯರನ್ನು ಕರೆಯುವಂತೆ ‘ಅಕ್ಕೋರ’ ಎನ್ನುತ್ತಿದ್ದರು. ನಾನು ಮುನವಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಬೈಲಹೊಂಗಲದಲ್ಲಿ. ಎಂಟು ವರ್ಷ ಬಸ್ಸಿಗೆ ಕಾದು, ನಿಂತು, ಇನ್ನೊಂದು ಬಸ್ಸಿಗೆ ಮತ್ತೆ ಕಾದು, ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ತಿಂದು, ಕೊನೆಗೆ ನನ್ನ ಸಂಬಳದಲ್ಲಿ ನನ್ನ ಹೆಸರಿಗೆ ಒಂದು ಹಳೆಯ ಕಾರು ಕೊಂಡೆ. ಬೆಳ್ಳಿ ಬಣ್ಣದ ಸಣ್ಣ ಕಾರು. ಅದರ ಕಾಗದದ ಮೇಲೆ ನನ್ನ ಹೆಸರು ನೋಡಿದ ದಿನ ನನಗಾದ ಹಿಗ್ಗು ನೌಕರಿಯ ಆರ್ಡರ್ ಬಂದ ದಿನವೂ ಆಗಿರಲಿಲ್ಲ ಎಂದರೆ ಸುಳ್ಳಲ್ಲ. ಮನೆಯಲ್ಲಿ ನಕ್ಕರು, ನಗಲಿ. ನನ್ನ ಜತೆ ಇಬ್ಬರು ಶಿಕ್ಷಕಿಯರೂ ಅದರಲ್ಲೇ ಬರುತ್ತಿದ್ದರು. ಶಾಲೆಯ ಗೇಟಿನೊಳಗೆ ಕಾರು ತಿರುಗಿಸುವಾಗ ನಾನು ಹಾರ್ನ್ ಹೊಡೆಯುವ ಅಗತ್ಯವೇನೂ ಇರಲಿಲ್ಲ, ಆದರೂ ಹೊಡೆಯುತ್ತಿದ್ದೆ.

ಕಾಕಾನ ಗ್ಯಾರೇಜು ಎಂದರೆ ಒಂದು ಬೇವಿನ ಮರ, ಅದಕ್ಕೆ ಆನಿಸಿದ ತಗಡಿನ ಶೆಡ್ಡು, ನೆಲದಲ್ಲಿ ಒಂದು ಗುಂಡಿ. ಹೊಸ ಗಾಡಿಗಳ ಕಂಪ್ಯೂಟರು ಅವರಿಗೆ ಬರುತ್ತಿರಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಆದರೆ ಕಿತ್ತೂರು, ಸವದತ್ತಿ, ರಾಮದುರ್ಗದಿಂದೆಲ್ಲ ಅವರಲ್ಲಿಗೆ ಜನ ಬರುತ್ತಿದ್ದದ್ದು ರಿಪೇರಿಗಿಂತ ಹೆಚ್ಚಾಗಿ ಕಾಗದ ಓದಿಸಲಿಕ್ಕೆ. ದೊಡ್ಡ ಊರಿನ ಶೋರೂಮುಗಳು ಕೊಡುವ ಎಸ್ಟಿಮೇಟು, ಇಷ್ಟು ಕೆಟ್ಟಿದೆ, ಇಷ್ಟು ಬದಲಿಸಬೇಕು, ಇಷ್ಟಾಗುತ್ತದೆ ಎಂಬ ಉದ್ದನೆಯ ಪಟ್ಟಿ, ಅದನ್ನು ಹಿಡಿದುಕೊಂಡು, ಆಸ್ಪತ್ರೆಯ ರಿಪೋರ್ಟು ಹಿಡಿದವರ ಹಾಗೆ ಮುಖ ಮಾಡಿಕೊಂಡು ಬರುತ್ತಿದ್ದರು. ಕಾಕಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. “ನೀವ ಓದ್ರಿ” ಎನ್ನುತ್ತಿದ್ದರು. ನಾವು ಒಂದು ಸಾಲು ಓದಬೇಕು. ಅವರು ಗಾಡಿಯ ಹತ್ತಿರ ಹೋಗಿ ಆ ಸಾಮಾನನ್ನು ಮುಟ್ಟಿ, ಅಲ್ಲಾಡಿಸಿ, ನಮ್ಮ ಕೈಯನ್ನೂ ಅದಕ್ಕೆ ಹಚ್ಚಿಸಿ, ವಾಪಸ್ ಬಂದು ಕಿವಿಯ ಮೇಲಿನ ಪೆನ್ಸಿಲಿನಿಂದ ಗುರುತು ಹಾಕಬೇಕು. ಸರಿ ಗುರುತು ಎಂದರೆ ಈಗಲೇ ಮಾಡಿಸಬೇಕು, ಸೊನ್ನೆ ಎಂದರೆ ಇನ್ನೂ ನಡೆಯುತ್ತದೆ, ಕಾಟು ಎಂದರೆ ಏನೂ ಆಗಿಲ್ಲ. ಆಮೇಲೆ ಮುಂದಿನ ಸಾಲು. ಎಷ್ಟೇ ಅವಸರದವರಾದರೂ ಅವರ ಮುಂದೆ ಎರಡು ಸಾಲು ಒಟ್ಟಿಗೆ ಓದುವಂತಿರಲಿಲ್ಲ. ಓದುವ ಕೆಲಸಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಅರ್ಧ ಕಪ್ ಚಹಾ ಬಿಟ್ಟರೆ.

ಒಮ್ಮೆ ನಾನು ಅಲ್ಲಿ ಕೂತಿದ್ದಾಗ ರಾಮದುರ್ಗದ ಹತ್ತಿ ವ್ಯಾಪಾರಿಯೊಬ್ಬರು ಬಂದರು. ಏಸಿ ಗಾಳಿ ಬರುತ್ತಿಲ್ಲ, ಶೋರೂಮಿನವರು ಒಳಗಿನ ಯಂತ್ರವನ್ನೇ ಬದಲಿಸಬೇಕು ಎಂದಿದ್ದಾರೆ, ಆ ದುಡ್ಡಿಗೆ ಒಂದು ಎಮ್ಮೆ ಬರುತ್ತದೆ ಎಂದು ಅವರ ಗೋಳು. ಕಾಕಾ ಮುಂದಿನ ಸೀಟಿನೆದುರು ಕಾಗದ ಇಡುವ ಡಬ್ಬಿ ಬಿಚ್ಚಿ, ಅದರ ಹಿಂದೆ ಕೈ ಹಾಕಿ, ಒಂದು ಚಪ್ಪಟೆ ಜಾಲರಿ ಎಳೆದರು. ಅದಕ್ಕೆ ಬೆರಳು ದಪ್ಪ ಹತ್ತಿ ಮೆತ್ತಿತ್ತು. ಆ ಪುಣ್ಯಾತ್ಮ ವರ್ಷವಿಡೀ ಗಾಡಿಯನ್ನು ತನ್ನದೇ ಹತ್ತಿಯ ಗೋದಾಮಿನ ಬಾಗಿಲಿಗೆ ನಿಲ್ಲಿಸುತ್ತಿದ್ದ. ಕಾಕಾ ಅದನ್ನು ಕೊಡವಿ, ತೊಳೆದು, ಬಿಸಿಲಿಗಿಟ್ಟು, ಒಣಗಿದ ಮೇಲೆ ಹಾಕಿ ಕಳಿಸಿದರು. ನಾನು ಶೋರೂಮಿನವರನ್ನು ಕಳ್ಳರು ಎಂದೆ. ಕಾಕಾ ಒಪ್ಪಲಿಲ್ಲ. “ಅವರಿಗೂ ಹೊಟ್ಟಿ ಐತ್ರಿ ಅಕ್ಕೋರ. ಆದ್ರ ನಮ್ಮ ಗಾಡಿ ಅವರ ಹೊಟ್ಟಿ ಅಲ್ಲ, ಅಷ್ಟ ನೆನಪ ಇಟ್ಟರ ಆತು” ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

ತಮ್ಮದೆಂದು ಅವರಿಗೆ ಒಂದು ಸೈಕಲ್ ಮಾತ್ರ ಇತ್ತು. ಕಾರು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದ್ದೆ. ಕಾರಿನ ಒಳಗೆ ಏನೇನಾಗುತ್ತದೆ ಎಂದು ಗೊತ್ತಿದ್ದವನಿಗೆ ಅದರಲ್ಲಿ ಕೂತು ನಿದ್ದೆ ಬರುವುದಿಲ್ಲ ಎಂದಿದ್ದರು. ಅವರ ಹೆಂಡತಿಗೆ ಮಾತ್ರ ಇದು ಕೊನೆಯವರೆಗೂ ಸಿಟ್ಟಿನ ವಿಷಯವಾಗಿತ್ತು.

ಈಗ ನನ್ನ ಕಾರಿನ ಸಂಗತಿಗೆ ಬರುತ್ತೇನೆ. ಮೂರು ವರ್ಷದ ಹಿಂದೆ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಮುಂದಿನಿಂದ ಟಕ್ ಟಕ್ ಎಂದು ಸದ್ದು ಬರತೊಡಗಿತು. ಕಾಕಾನ ಹತ್ತಿರ ಹೋಗಬೇಕಿತ್ತು. ಆದರೆ ಅವರು ಮಗಳ ಊರಿಗೆ ಹೋಗಿದ್ದರು, ನನಗೆ ತಾಳ್ಮೆ ಕಡಿಮೆ, ಒಂದು ಶನಿವಾರ ಶಾಲೆ ಮುಗಿಸಿ ಬೆಳಗಾವಿಯ ಶೋರೂಮಿಗೆ ಒಯ್ದೆ. ಅಲ್ಲಿ ಗಾಡಿ ನೋಡಿ ಪಟ್ಟಿ ಮಾಡುವ ಕೆಲಸಕ್ಕೆ ಒಬ್ಬ ಹುಡುಗಿ ಇದ್ದಳು. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು, ಕೈಯಲ್ಲಿ ಟ್ಯಾಬು, ಮಾತು ಮೆತ್ತಗೆ. ಎರಡು ತಾಸಾದ ಮೇಲೆ ಹತ್ತು ಸಾಲಿನ ಎಸ್ಟಿಮೇಟ್ ಕೊಟ್ಟಳು. ಸ್ಟೇರಿಂಗಿನ ಇಡೀ ಜೋಡಣೆ, ಮುಂದಿನ ಎರಡೂ ಶಾಕ್, ಕ್ಲಚ್ಚು, ಬ್ಯಾಟರಿ, ಇನ್ನೂ ಏನೇನೋ. ಒಂಬತ್ತು ಸಾಲು ಪ್ರಿಂಟು, ಹತ್ತನೆಯದು ಮಾತ್ರ ಕೆಳಗೆ ಪೆನ್ನಿನಲ್ಲಿ ಬರೆದದ್ದು: ಹಿಂದಿನ ಎಡಗಾಲಿಯ ಬ್ರೇಕ್ ಸಿಲಿಂಡರ್ ಸೋರುತ್ತಿದೆ. ಒಟ್ಟು ಎಂಬತ್ತು ಸಾವಿರದ ಮೇಲೆ. ನಾನು ಕಾರು ಕೊಂಡದ್ದೇ ಅದರ ಮೂರು ಪಟ್ಟು ಬೆಲೆಗೆ.

ನಮ್ಮ ಮನೆಯವರು ಕಾಗದ ನೋಡಿ ಮಾರಿಬಿಡು ಎಂದರು. ಎಂಟು ವರ್ಷ ಬಸ್ಸಿನಲ್ಲಿ ಹೋದವಳಿಗೆ ಇನ್ನೊಂದೆಂಟು ವರ್ಷ ಕಷ್ಟವಾಗುವುದಿಲ್ಲ ಎಂದು ಅವರ ಲೆಕ್ಕ. ಅವರು ಸಿಟ್ಟಿನಿಂದ ಹೇಳಲಿಲ್ಲ, ಪೇಪರ್ ಓದುತ್ತ ಹೇಳಿದರು, ಅದೇ ನನಗೆ ಹೆಚ್ಚು ಚುಚ್ಚಿತು. ಕಾಕಾ ಬರುವ ತನಕ ಏನೂ ತೀರ್ಮಾನವಿಲ್ಲ ಎಂದೆ.

ಸೋಮವಾರ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದೆ ಇರುವವರಿಲ್ಲ. ನಾನು ವಿಜ್ಞಾನದ ಶಿಕ್ಷಕಿ, ಪೂಜೆಯಿಂದ ಎಂಜಿನ್ ಸುಧಾರಿಸುವುದಿಲ್ಲ ಎಂದು ಗೊತ್ತು, ಆದರೂ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವಳಲ್ಲ. ಆ ಸಲ ಕಾರು ಉಳಿಯುತ್ತದೋ ಇಲ್ಲವೋ ಎಂಬ ಕಳವಳವೂ ಇತ್ತು. ವಾಷಿಂಗ್ ಸೆಂಟರಿಗೆ ಒಯ್ದು, ಮೇಲೆ ಕೆಳಗೆ, ಗಾಲಿಯ ಸಂದುಗೊಂದಿಗೆಲ್ಲ ಜೋರು ನೀರು ಹೊಡೆಸಿ, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು ಹಾಯಿಸಿದೆ. ಕಾರು ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಆ ಎರಡು ದಿನ ಸದ್ದಿಗೆ ಹೆದರಿ ಶಾಲೆಗೆ ಬಸ್ಸಿನಲ್ಲೇ ಹೋಗಿದ್ದೆ. ಮಂಗಳವಾರ ಸಂಜೆ ಕಾರನ್ನು ಕಾಕಾನ ಮುಂದೆ ನಿಲ್ಲಿಸಿ ಓದಲು ಕೂತೆ. ಒಂದೊಂದು ಸಾಲಿಗೂ ಕಾಟು, ಕಾಟು, ಕ್ಲಚ್ಚಿಗೆ ಸೊನ್ನೆ, ಮತ್ತೆ ಕಾಟು. ಟಕ್ ಟಕ್ ಸದ್ದಿನ ಮೂಲ ಮುಂದಿನ ಗಾಲಿಯ ಹತ್ತಿರದ ಒಂದು ಗೇಣುದ್ದದ ಸಲಾಕೆ, ಅದರ ರಬ್ಬರ್ ತಿಂದುಹೋಗಿತ್ತು. ಅದು ಆ ಪಟ್ಟಿಯಲ್ಲೇ ಇರಲಿಲ್ಲ. ಕೊನೆಗೆ ಹತ್ತನೆಯ ಸಾಲು ಓದಿ, ಇದೊಂದು ಕೈಯಿಂದ ಬರೆದದ್ದು ಎಂದೆ. ಕಾಕಾ ನಕ್ಕರು. ಮೊದಲಿನದು ಕಂಪ್ಯೂಟರಿನ ಆಸೆ, ಇದು ಮನುಷ್ಯರ ಆಸೆ, ಸಾಲದು ಎಂದು ಮೇಲೊಂದು ಸೇರಿಸಿದ್ದಾರೆ ಎಂದರು. ಹಾಗೆಂದು ನೋಡದೆ ಬಿಡಲಿಲ್ಲ. ಎಡಗಾಲಿಯ ಹಿಂದೆ ಬೆರಳಾಡಿಸಿದರು, ಒಣಗಿತ್ತು. ಬ್ರೇಕ್ ಆಯಿಲಿನ ಡಬ್ಬಿ ನೋಡಿದರು, ತುಂಬಿತ್ತು. ಕಾಟು. ಸಲಾಕೆ ಬದಲಿಸಿ, ಹಳೆಯದನ್ನು ಎಂದಿನಂತೆ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ಸದ್ದಿಲ್ಲದ ಕಾರಿನಲ್ಲಿ ಊರೆಲ್ಲ ಒಂದು ಸುತ್ತು ಹೊಡೆದು ಮನೆಗೆ ಹೋದೆ. ಮನೆಯವರು ಪೇಪರ್ ಕೆಳಗಿಟ್ಟರು, ಅಷ್ಟು ಸಾಕಾಗಿತ್ತು ನನಗೆ.

ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ. ಬುಧವಾರ ಆ ಹುಡುಗಿ ತಾನಾಗಿ ಫೋನ್ ಮಾಡಿ ಗಾಡಿ ಯಾವಾಗ ತರುತ್ತೀರಿ ಎಂದು ಕೇಳಿದಳು. ನಾನು ಮೊದಲೇ ಬಾಯಿ ಜೋರಿನವಳು, ಆವತ್ತು ಗೆದ್ದ ಹುರುಪೂ ಇತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಓದಿದ ಹುಡುಗಿ ಹೀಗೆ ಜನರ ಕೊರಳು ಕೊಯ್ಯುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದೂ ಕೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಇಷ್ಟೇ ಹೇಳಿದಳು: “ಉಳಿದದ್ದೆಲ್ಲಾ ಬಿಡ್ರಿ ಮೇಡಂ. ಬ್ರೇಕ್ ಒಂದ ಎಲ್ಲ್ಯಾರ ಮಾಡಿಸಿಕೊಳ್ರಿ. ಇಲ್ಲೇ ಮಾಡಸ್ರಿ ಅನ್ನೂದಿಲ್ಲ ನಾನು.” ನಾನು ಫೋನ್ ಕುಕ್ಕಿದೆ. ಅದೂ ಸಾಲದೆ ಫೋನಿನಲ್ಲಿ ಆ ಶೋರೂಮಿನ ಹೆಸರಿನ ಕೆಳಗೆ ಒಂದೇ ಒಂದು ನಕ್ಷತ್ರ ಕೊಟ್ಟು, ಇಲ್ಲದ ಸೋರಿಕೆಯನ್ನು ಕೈಯಿಂದ ಬರೆದು ಸೇರಿಸುತ್ತಾರೆ ಎಂದು ಅವಳ ಹೆಸರು ಸಮೇತ ಬರೆದೆ. ಬರೆದು ಎರಡು ಸಲ ಓದಿಕೊಂಡು ಖುಷಿಪಟ್ಟೆ. ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ.

ಗುರುವಾರ ಮಧ್ಯಾಹ್ನ ಊಟದ ಬಿಡುವಿಗೆ ಹೊರಗೆ ಬಂದರೆ ಶಾಲೆಯ ಅಂಗಳದಲ್ಲಿ ನನ್ನ ಕಾರಿನ ಪಕ್ಕ ಕಾಕಾ ನಿಂತಿದ್ದರು. ಗ್ಯಾರೇಜು ಬಿಟ್ಟು ಅವರನ್ನು ನಾನು ಬೇರೆಲ್ಲೂ ನೋಡಿದ್ದೇ ಇಲ್ಲ. ಕೈಯಲ್ಲಿ ಒಂದು ಭಾರದ ಕೈಚೀಲ. ಬಸ್ಸಿನಲ್ಲಿ ನಿಂತು ಬಂದಿದ್ದರೆಂದು ಅಂಗಿಯೇ ಹೇಳುತ್ತಿತ್ತು. ನಾಲ್ಕು ಸಲ ಫೋನ್ ಮಾಡಿದ್ದರಂತೆ, ನನ್ನ ಫೋನು ಸ್ಟಾಫ್ ರೂಮಿನ ಕಪಾಟಿನಲ್ಲಿತ್ತು.

“ಅಕ್ಕೋರ, ಮಂಗಳವಾರ ಗಾಡಿ ತರೂದಕ್ಕಿಂತ ಮೊದಲ ತೊಳಸಿದ್ರೇನ?” ಎಂದು ಕೇಳಿದರು. ಕುಶಲವಿಲ್ಲ, ನಮಸ್ಕಾರವಿಲ್ಲ.

ಅಮಾವಾಸ್ಯೆಗೆ ತೊಳೆಸಿದ್ದೆ ಎಂದೆ. ಅವರು ತಲೆಯಾಡಿಸಿದರು. ಆವತ್ತು ಗುರುವಾರ ಬೆಳಗ್ಗೆ ಯಾರೋ ಒಬ್ಬರು ಎಂಜಿನ್ ಸೋರುತ್ತದೆ ಎಂದು ಗಾಡಿ ತಂದಿದ್ದರಂತೆ. ಎಲ್ಲಿ ನೋಡಿದರೂ ಸೋರಿದ ಗುರುತಿಲ್ಲ. ಕೇಳಿದರೆ ಅದನ್ನು ಆಗಷ್ಟೇ ವಾಷಿಂಗ್ ಸೆಂಟರಿನಿಂದ ತಂದಿದ್ದರು. ಆಗ ಕಾಕಾನಿಗೆ ನನ್ನ ಬಾನೆಟ್ಟಿನ ಮೇಲಿದ್ದ ಹೊಸ ಅರಿಶಿನ ಕುಂಕುಮ ನೆನಪಾಗಿದೆ. ಜೋರು ನೀರು ಹೊಡೆದರೆ ಸೋರಿದ ಆಯಿಲಿನ ಗುರುತು ಎಲ್ಲಿ ಉಳಿದೀತು? ಡಬ್ಬಿ ತುಂಬಿತ್ತೆಂದರೆ ಶನಿವಾರ ನೋಡಿದ ಶೋರೂಮಿನವರೇ ತುಂಬಿಸಿರಬೇಕು. ಹಾಗಾದರೆ ಆ ಕೈಬರಹದ ಸಾಲು? ಮರುದಿನ ಶುಕ್ರವಾರ ನಾನು ಅತ್ತೆಯನ್ನೂ ಮೈದುನನ ಮಕ್ಕಳನ್ನೂ ಕೂರಿಸಿಕೊಂಡು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವಳಿದ್ದೆ. ಅದನ್ನು ನಾನೇ ಅವರಿಗೆ ಹೇಳಿದ್ದೆ. ಗುಡ್ಡದ ಇಳಿಜಾರು ನೆನಪಾಗಿ ಕೈಯಲ್ಲಿದ್ದ ಕೆಲಸ ಬಿಟ್ಟು, ಅಂಗಡಿಯಿಂದ ಸಾಮಾನು ಕೊಂಡು ಬಸ್ ಹತ್ತಿದ್ದರು.

ಎಡಗಾಲಿಯ ಪಕ್ಕ ಕೂತು ಹಿಂದೆ ಕೈ ಹಾಕಿದರು. ಹೊರಗೆ ಬಂದ ಬೆರಳು ಹಸಿಯಾಗಿತ್ತು. ಅದನ್ನು ಮೂಸಿ ನನ್ನ ಮುಂದೆ ಹಿಡಿದರು. ಮುಂದೆ ಹೋಗಿ ಡಬ್ಬಿ ನೋಡಿದರೆ ಆಯಿಲು ತಳ ಕಂಡಿತ್ತು. ಆಗ ನನಗೆ ನೆನಪಾಯಿತು, ಎರಡು ದಿನದಿಂದ ಬ್ರೇಕ್ ಪೆಡಲ್ ಸ್ವಲ್ಪ ಕೆಳಗೇ ಹೋಗುತ್ತಿತ್ತು. ಅದನ್ನು ಹೇಳಿದೆ. ಮತ್ತೆ ಯಾಕೆ ಫೋನ್ ಮಾಡಲಿಲ್ಲ ಎಂದು ಅವರು ಕೇಳಿದರು.

“ನೀವು ನೋಡೀರಲ್ಲಾ ಅಂತ ಸುಮ್ಮನಿದ್ದೆ ಕಾಕಾ” ಎಂದೆ.

ಅವರು ಕೈಚೀಲದ ಬಾಯಿ ಬಿಚ್ಚಿದರು. “ಅದಕ್ಕ ಓಡಿ ಬಂದೆ” ಎಂದರು.

ಆಮೇಲೆ ಟೋಪಿ ತೆಗೆದು ಕನ್ನಡಿಗೆ ಹಾಕಿ ಕೆಲಸಕ್ಕೆ ಇಳಿದರು. ಗಾಲಿ ಬಿಚ್ಚಿ, ಅದರೊಳಗಿನ ಹೆಬ್ಬೆರಳು ಗಾತ್ರದ ಸಿಲಿಂಡರ್ ತೆಗೆದರು. ಪೆಡಲ್ ತುಳಿದಾಗ ಆಯಿಲು ಬಂದು ಒತ್ತುವುದು ಇದನ್ನೇ, ಇದು ಒತ್ತಿದರೆ ಗಾಲಿ ನಿಲ್ಲುವುದು. ಅದರ ರಬ್ಬರ್ ಹರಿದು ಜಿನುಗುತ್ತಿತ್ತು. ಹೊಸದನ್ನು ಕೂರಿಸಿದ ಮೇಲೆ ಕೊಳವೆಯಲ್ಲಿ ಸೇರಿದ ಗಾಳಿ ಹೊರಹಾಕಲು ಒಬ್ಬರು ಪೆಡಲ್ ತುಳಿಯಬೇಕು. ನಾನೇ ಕೂತೆ. ಹಿಂದಿನಿಂದ ಅವರ ದನಿ ಬರುತ್ತಿತ್ತು: “ತುಳೀರಿ. ಹಿಡೀರಿ. ಬಿಡ್ರಿ.” ನಮ್ಮ ಶಾಲೆಯ ಮಕ್ಕಳು ಸುತ್ತ ನಿಂತಿದ್ದರು. ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ ಎಂದು ಹದಿಮೂರು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ. ಉದಾಹರಣೆ ಕಾರಿನ ಬ್ರೇಕು. ನನ್ನದೇ ಕಾರಿನ ಬ್ರೇಕು ಎಲ್ಲಿದೆ ಎಂದು ಬಗ್ಗಿ ನೋಡಿದವಳಲ್ಲ. ಪೆಡಲ್ ನನ್ನ ಕಾಲಿನ ಕೆಳಗೆ ಮೆತ್ತಗಿದ್ದದ್ದು ನಿಧಾನವಾಗಿ ಗಟ್ಟಿಯಾಗುತ್ತ ಬಂದಾಗ ಆ ಪಾಠ ನನಗೆ ಅರ್ಥವಾಯಿತು. ಈಗ ಪ್ರತಿ ವರ್ಷ ಆ ಪಾಠವನ್ನು ಅಂಗಳದಲ್ಲೇ, ಕಾರಿನ ಪಕ್ಕದಲ್ಲೇ ಮಾಡುತ್ತೇನೆ.

ಕೈ ತೊಳೆಯುತ್ತ ಕಾಕಾ ಕೇಳಿದರು, ಶೋರೂಮಿನವರಿಗೆ ಏನಾದರೂ ಹೇಳಿದ್ದೀರಾ ಎಂದು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟರ ಮಟ್ಟಿಗೆ ನನ್ನನ್ನು ಮೆಚ್ಚಿಕೊಳ್ಳುತ್ತೇನೆ. ಫೋನಿನಲ್ಲಿ ಬೈದದ್ದು, ಅವಳ ಹೆಸರು ಹಾಕಿ ಬರೆದದ್ದು ಎಲ್ಲ ಹೇಳಿದೆ. ಅವರು ಅಂಗಿಯ ತುದಿಗೆ ಕೈ ಒರೆಸಿಕೊಂಡರು. ಹಳೆಯ ಸಿಲಿಂಡರನ್ನು ಪೇಪರಿನಲ್ಲಿ ಸುತ್ತಿದರು, ಆದರೆ ಈ ಸಲ ನನ್ನ ಕೈಗೆ ಕೊಡಲಿಲ್ಲ, ತಮ್ಮ ಚೀಲಕ್ಕೇ ಹಾಕಿಕೊಂಡರು. “ಶನಿವಾರ ನಿಮ್ಮ ಸಾಲಿ ಅರ್ಧಾ ದಿನಾ ಅಲ್ಲೇನ್ರಿ? ಬೆಳಗಾಂವಿಗೆ ಹೋಗಿ ಬರೂಣು” ಎಂದರು.

ಶುಕ್ರವಾರ ಗುಡ್ಡಕ್ಕೆ ಹೋಗಿ ಬಂದೆವು. ಇಳಿಯುವಾಗ ಅತ್ತೆ ಯಲ್ಲಮ್ಮನಿಗೆ ಕೈ ಮುಗಿದರು. ನಾನೂ ಮುಗಿದೆ, ಮನಸ್ಸಿನಲ್ಲಿ ಕಾಕಾನನ್ನು ನೆನೆದೆ. ದೇವಿಗೆ ಸಿಟ್ಟು ಬಂದಿರಲಾರದು.

ಶನಿವಾರ ಶೋರೂಮಿನ ಗಾಜಿನ ಬಾಗಿಲ ಹೊರಗೆ ಕಾಕಾ ಚಪ್ಪಲಿ ಬಿಟ್ಟರು. ಇಲ್ಲಿ ಯಾರೂ ಬಿಡುವುದಿಲ್ಲ, ಹಾಕಿಕೊಳ್ಳಿ ಎಂದರೆ ನೆಲ ಭಾಳ ಬೆಳ್ಳಗಿದೆ ಎಂದರು. ಹುಡುಗಿ ತನ್ನ ಮೇಜಿನಲ್ಲಿ ಇರಲಿಲ್ಲ. ಮ್ಯಾನೇಜರು ಬಂದು, ಅವಳ ಮೇಲೆ ದೂರು ಬಂದದ್ದರಿಂದ ಗಿರಾಕಿಗಳ ಮುಂದೆ ಕೂರಿಸುತ್ತಿಲ್ಲ, ಹಿಂದೆ ಸಾಮಾನಿನ ಗೋದಾಮಿಗೆ ಹಾಕಿದ್ದೇವೆ, ನಿಮಗಾದ ತೊಂದರೆಗೆ ಕ್ಷಮಿಸಬೇಕು ಎಂದು ನನಗೇ ಹೇಳಿದರು. ನನಗೆ ನೆಲ ನೋಡುವ ಹಾಗಾಯಿತು. ಕಾಕಾ ಆ ಹುಡುಗಿಯನ್ನು ಕರೆಸಿರಿ ಎಂದರು. ಯಾಕೆ ಎಂದು ಮ್ಯಾನೇಜರು ಕೇಳಿದ್ದಕ್ಕೆ, ಕರೆಸಿರಿ, ಬಂದ ಮೇಲೆ ಹೇಳುತ್ತೇನೆ ಎಂದು ನಿಂತೇ ಇದ್ದರು.

ಅವಳು ಬಂದಳು. ನನ್ನನ್ನು ನೋಡಿ ಮುಖ ಸಣ್ಣದು ಮಾಡಿದಳು. ಕಾಕಾ ಚೀಲದಿಂದ ಪೇಪರಿನ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಗಿರಾಕಿಗಳು, ಕೆಲಸದವರು, ಹತ್ತು ಹನ್ನೆರಡು ಜನ ನೋಡುತ್ತಿದ್ದರು.

“ತಂಗಿ, ನೀ ನೋಡಿದ್ದು ಖರೇ. ನಾ ನೋಡಿದ್ದು ತಪ್ಪು. ಗಾಡಿ ತೊಳಸಿತ್ತು, ಕೇಳಬೇಕಾಗಿತ್ತು, ನಾ ಕೇಳಲಿಲ್ಲ. ನಲವತ್ತ ವರ್ಷದ ಫಿಟರ್ ನಾನು, ನಿನ್ನ ಬರಹ ಕೈಲೆ ಬರದದ್ದು ಅಂತ ನಕ್ಕೆ. ತಪ್ಪಾತು.”

ಹುಡುಗಿ ಸಿಲಿಂಡರ್ ಎತ್ತಿ, ಹರಿದ ರಬ್ಬರನ್ನು ಉಗುರಿನಿಂದ ಮುಟ್ಟಿ ನೋಡಿದಳು. ಮೊದಲಿನ ಒಂಬತ್ತು ಸಾಲು ಗಾಡಿ ಓಡಿದ ಕಿಲೋಮೀಟರ್ ಹಾಕಿದರೆ ಕಂಪ್ಯೂಟರಿನಲ್ಲಿ ತಾವಾಗಿ ಬರುತ್ತವೆ, ಅವನ್ನು ತೆಗೆಯುವ ಅಧಿಕಾರ ತನಗಿಲ್ಲ ಎಂದಳು. ಇದೊಂದನ್ನು ತಾನು ಗಾಡಿಯ ಕೆಳಗೆ ಮಲಗಿ ಕಣ್ಣಾರೆ ನೋಡಿದ್ದಳಂತೆ. ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಹಾಗಾಗಿ ಕೈಯಿಂದ ಬರೆದಿದ್ದಳು.

ಮ್ಯಾನೇಜರ ಮುಖ ಅರಳಿತು. ನೋಡಿದಿರಾ, ಹೊರಗಡೆ ಮಾಡಿಸಿದರೆ ಹೀಗೇ, ಎಲ್ಲವನ್ನೂ ನಮ್ಮಲ್ಲೇ ಮಾಡಿಸಬೇಕು ಎಂದು ಶುರು ಮಾಡಿದರು. ಕಾಕಾ ಅವರ ಕಡೆ ತಿರುಗಿದರು. “ಉಳಿದ ಒಂಬತ್ತೂ ಸುಳ್ಳ ಅದಾವ್ರಿ ಸಾಹೇಬ್ರ. ಅದನ್ನ ಹೇಳಾಕ ಬಂದಿರಲಿಲ್ಲ ನಾನು. ನೀವ ಮಾತ ತಗದ್ರಿ, ಹೇಳಿದೆ.” ಯಾರೋ ಗಿರಾಕಿ ಕಿಸಕ್ಕನೆ ನಕ್ಕರು. ತಮ್ಮ ಕೈಯಲ್ಲಿದ್ದ ಎಸ್ಟಿಮೇಟನ್ನು ತೆಗೆದು ಓದತೊಡಗಿದರು.

ಇಷ್ಟೆಲ್ಲ ಆಗುವಾಗ ನಾನು ಏನು ಮಾಡುತ್ತಿದ್ದೆ? ಕಾಕಾನ ಬೆನ್ನ ಹಿಂದೆ ನಿಂತು ಫೋನಿನಲ್ಲಿ ಆ ನಕ್ಷತ್ರವನ್ನೂ ಆ ಬರಹವನ್ನೂ ಅಳಿಸುತ್ತಿದ್ದೆ. ಅಳಿಸಿ, ಈ ಹುಡುಗಿ ನೋಡಿದ್ದು ಸರಿಯಾಗಿತ್ತು, ತಪ್ಪು ನನ್ನದು ಎಂದು ಹೊಸದಾಗಿ ಬರೆದು ಮ್ಯಾನೇಜರಿಗೆ ತೋರಿಸಿದೆ. ಮಕ್ಕಳಿಗೆ ದಿನಬೆಳಗಾದರೆ ತಪ್ಪಾಯಿತು ಅನ್ನು ಎಂದು ಗದರಿಸುವವಳು, ಆ ಹುಡುಗಿಯ ಮುಖ ನೋಡಿ ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಅವಳೇ ನಮಗೆ ನೀರು ತಂದುಕೊಟ್ಟಳು. ಕುಡಿದು ಬಂದೆ.

ದಾರಿಯಲ್ಲಿ ನಾನು ಮಂಕಾಗಿದ್ದುದನ್ನು ಕಾಕಾ ಗಮನಿಸಿದರು. ನಾನು ಬೈದದ್ದು ಅವರ ಕಾಟು ಗುರುತನ್ನು ನಂಬಿ, ಹಾಗಾಗಿ ಆ ಬೈಗುಳದಲ್ಲಿ ಅರ್ಧ ಪಾಲು ಅವರದು ಎಂದರು. ಉಳಿದ ಅರ್ಧದ ಮಾತನ್ನು ಅವರು ಎತ್ತಲಿಲ್ಲ. ಬೈಲಹೊಂಗಲ ಬರುವ ತನಕ ಹಿಂದಿನ ಎಡಗಾಲಿಯ ಕಡೆಗೇ ಕಿವಿಯಿಟ್ಟು ಕೂತಿದ್ದರು.

ಹುಡುಗಿಯನ್ನು ಮರು ವಾರವೇ ಮೊದಲಿನ ಮೇಜಿಗೆ ಕೂರಿಸಿದರೆಂದು ಕಾಕಾನಿಂದಲೇ ತಿಳಿಯಿತು. ಅವಳ ನಂಬರು ಅವರು ಆವತ್ತೇ ಇಸಿದುಕೊಂಡಿದ್ದರು. ಹೊಸ ಗಾಡಿಯ ಕೆಂಪು ದೀಪ ಹತ್ತಿದರೆ ಅವಳಿಗೆ ಫೋನ್ ಮಾಡಿ, ತಂಗಿ, ಇದಕ್ಕ ಕಂಪ್ಯೂಟರ್ ಏನಂತೈತಿ ಎಂದು ಕೇಳುತ್ತಿದ್ದರು. ಯಾವುದೋ ಸದ್ದಿನ ಮೂಲ ಸಿಗದಿದ್ದರೆ ಅವಳು ಇವರಿಗೆ ಫೋನ್ ಮಾಡಿ, ಗಾಡಿಯ ಪಕ್ಕದಲ್ಲಿ ಫೋನ್ ಹಿಡಿದು ಆ ಸದ್ದು ಕೇಳಿಸುತ್ತಿದ್ದಳು. ಶೆಡ್ಡಿನ ತಗಡಿನ ಮೇಲೆ ಸುಣ್ಣದಲ್ಲಿ ಹೊಸದೊಂದು ಬರಹ ಬಂತು: ‘ಗಾಡಿ ತೊಳೆಸದೆ ತರಬೇಕು.’ ಅಮಾವಾಸ್ಯೆಯ ಮರುದಿನ ಬಂದವರನ್ನು ಎರಡು ದಿನ ಗಾಡಿ ಓಡಿಸಿ ಬರ್ರಿ ಎಂದು ವಾಪಸ್ ಕಳಿಸುತ್ತಿದ್ದರು. ಯಾಕೆ ಎಂದು ಕೇಳಿದವರಿಗೆಲ್ಲ ತಮ್ಮ ತಪ್ಪನ್ನು ಪೂರ್ತಿಯಾಗಿ, ಒಂದು ಸಾಲೂ ಬಿಡದೆ ಹೇಳುತ್ತಿದ್ದರು. ಅದರಲ್ಲಿ ನನ್ನ ಬೈಗುಳದ ಭಾಗವನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಎರಡು ದಿನದ ಜ್ವರ, ಮೂರನೆಯ ದಿನ ಬೆಳಗ್ಗೆ ಚಹಾ ಕುಡಿದು ಒರಗಿದವರು ಏಳಲಿಲ್ಲ. ಮಣ್ಣಿಗೆ ಬಂದವರ ಗಾಡಿಗಳು ಅವರ ಓಣಿಯಿಂದ ಮಾರ್ಕೆಟ್ ರಸ್ತೆಯವರೆಗೆ ನಿಂತಿದ್ದವು. ಕಿತ್ತೂರಿನವರು, ರಾಮದುರ್ಗದವರು, ಆ ಹತ್ತಿ ವ್ಯಾಪಾರಿ, ಎಲ್ಲರೂ. ಅವರ ಮನೆಮಂದಿಗಿಂತ ಹೆಚ್ಚು ನಾನೇ ಅತ್ತೆ. ನಾಚಿಕೆಯೇನಿಲ್ಲ, ಅಪ್ಪ ಹೋದಾಗ ಅತ್ತ ಹಾಗೆಯೇ ಅತ್ತೆ.

ಮುಗಿಸಿ ಓಣಿಯ ತುದಿಗೆ ಬಂದಾಗ ಆ ಹುಡುಗಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಳು. ಬೆಳಗಾವಿಯಿಂದ ಒಬ್ಬಳೇ ಬಂದಿದ್ದಳು, ಕಣ್ಣು ಕೆಂಪಗಿತ್ತು. ನಾನು ಕಾರು ನಿಲ್ಲಿಸಿ ಬಾಗಿಲು ತೆರೆದೆ. ಕೂತಳು. ಬಸ್ ಸ್ಟ್ಯಾಂಡ್ ಎರಡು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಗಾಡಿ ಬದಿಗೆ ಹಾಕಿ ನಿಲ್ಲಿಸಿದೆ.

“ಆವತ್ತ ನಿನಗ ಹಂಗ ಅನಬಾರದಾಗಿತ್ತು. ತಪ್ಪಾತವ್ವಾ” ಎಂದೆ.

ಅವಳು ನನ್ನ ಕಡೆ ನೋಡಿದಳು. “ಇರ್ಲಿ ಬಿಡ್ರಿ ಮೇಡಂ. ಅದನ್ನ ಕಾಕಾ ಆವತ್ತ ಹೇಳ್ಯಾರಲ್ಲಾ” ಎಂದಳು.

“ಅದು ಅವರದು. ಇದು ನಂದು.”